ಸ್ಮೋಕಿ ಬೆಟ್ಟಗಳಲ್ಲಿ ಈ ವಾರ ವಸಂತ ಎಷ್ಟು ಎತ್ತರಕ್ಕೆ ಬಂದಿದೆ?

ಮಾರ್ಚ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಅದೇ ಪ್ರಶ್ನೆ ಶುರು. "ಸ್ಮೋಕೀಸ್‌ಗೆ ಹೊರಟಿದ್ದೀವಿ, ಯಾವ ಟ್ರೇಲ್ ಚೆನ್ನಾಗಿದೆ?" ಐದು ನಿಮಿಷ ಆಗಿರುವುದಿಲ್ಲ, ಉತ್ತರಗಳು ಬಂದು ಬೀಳುತ್ತವೆ. ಆಲಮ್ ಕೇವ್ ಮಾಡಿ, ರೇನ್‌ಬೋ ಫಾಲ್ಸ್ ಮಾಡಿ, ಕ್ಲಿಂಗ್‌ಮನ್ಸ್ ಡೋಮ್ ಬಿಡಲೇಬೇಡಿ. ಹೇಳಿದವರೆಲ್ಲ ಅಕ್ಟೋಬರಿನಲ್ಲೋ ಜುಲೈನಲ್ಲೋ ಹೋಗಿ ಬಂದವರು. ಹೊರಟವರನ್ನು "ಯಾವ ವಾರ ಹೋಗ್ತಿದ್ದೀರಿ?" ಅಂತ ಯಾರೂ ತಿರುಗಿ ಕೇಳುವುದಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

ಯಾಕೆ ಅಂದರೆ ಅಮೆರಿಕದ ಟೆನ್ನೆಸ್ಸೀ, ನಾರ್ತ್ ಕ್ಯಾರೊಲೈನಾ ರಾಜ್ಯಗಳ ಗಡಿಯ ಗ್ರೇಟ್ ಸ್ಮೋಕಿ ಮೌಂಟನ್ಸ್ ನ್ಯಾಷನಲ್ ಪಾರ್ಕಿನಲ್ಲಿ ವಸಂತ ಎಲ್ಲ ಕಡೆ ಒಟ್ಟಿಗೆ ಬರುವುದಿಲ್ಲ. ಈ ಪಾರ್ಕಿನ ತಗ್ಗು ಜಾಗ ಸಮುದ್ರಮಟ್ಟದಿಂದ 900 ಅಡಿಗೂ ಕಡಿಮೆ, ತುದಿ 6,643 ಅಡಿ. ತಳದಲ್ಲಿ ಚೆರ್ರಿ ಮರ ಚಿಗುರಿ ನೀವು ಟೀ ಶರ್ಟಿನಲ್ಲಿ ಓಡಾಡುವ ದಿನ, ಮೇಲೆ ಮಂಜುಗಡ್ಡೆ ಇನ್ನೂ ಕರಗಿರುವುದಿಲ್ಲ. ತಳಕ್ಕೂ ತುದಿಗೂ ಒಂದೇ ದಿನ 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇರುವುದು ಇಲ್ಲಿ ಮಾಮೂಲಿ. ಅಮೆರಿಕದ ಕೀಟ ತಜ್ಞ ಆಂಡ್ರ್ಯೂ ಹಾಪ್ಕಿನ್ಸ್ ನೂರು ವರ್ಷದ ಹಿಂದೆ ಒಂದು ಲೆಕ್ಕ ಹೇಳಿದ್ದ. 400 ಅಡಿ ಮೇಲೆ ಹೋದರೆ ವಸಂತ ನಾಲ್ಕು ದಿನ ತಡ. ಅಂದರೆ ನೂರು ಅಡಿಗೆ ಒಂದು ದಿನ. ಇದು ಅಂದಾಜಿನ ಲೆಕ್ಕ ಅಷ್ಟೇ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಹೂವು ಬೇಗ, ಉತ್ತರದ ಕಡೆ ತಡ, ಚಳಿಗಾಲ ಉದ್ದವಾದರೆ ಎಲ್ಲವೂ ಹಿಂದಕ್ಕೆ. ಆದರೂ ಹೈಕ್ ಆರಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. 1,500 ಅಡಿಯಲ್ಲಿ ಏಪ್ರಿಲ್ ಮೊದಲ ವಾರ ಅರಳಿದ್ದು 5,000 ಅಡಿಯಲ್ಲಿ ಅರಳುವುದು ಮೇ ಮೊದಲೆರಡು ವಾರಗಳಲ್ಲಿ. ಹಾಗಾಗಿ ಟ್ರೇಲಿನ ಹೆಸರು ಆಮೇಲೆ, ಮೊದಲು ಎತ್ತರ ನೋಡಿ.

ಹೂವಿನ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇಲ್ಲಿ 1,500ಕ್ಕೂ ಹೆಚ್ಚು ಬಗೆಯ ಹೂಬಿಡುವ ಗಿಡಗಳಿವೆ, ಅಮೆರಿಕದ ಬೇರೆ ಯಾವ ನ್ಯಾಷನಲ್ ಪಾರ್ಕಿನಲ್ಲೂ ಇಷ್ಟಿಲ್ಲ. ಹಿಮಯುಗದಲ್ಲಿ ಉತ್ತರದಿಂದ ಇಳಿದು ಬಂದ ನೀರ್ಗಲ್ಲಿನ ಹಾಳೆಗಳು ಇಲ್ಲಿವರೆಗೂ ತಲುಪಲಿಲ್ಲ. ಹಾಗಾಗಿ ಉತ್ತರದ ಗಿಡಗಳೂ ಇಲ್ಲಿ ನೆಲೆ ಕಂಡುಕೊಂಡವು, ದಕ್ಷಿಣದವೂ ಉಳಿದುಕೊಂಡವು. ವಸಂತದ ವಿಶೇಷ ಅಂದರೆ ಕಾಡಿನ ನೆಲದಲ್ಲಿ ಅರಳುವ ಪುಟ್ಟ ಹೂಗಳು. ಮೇಲೆ ದೊಡ್ಡ ಮರಗಳು ಇನ್ನೂ ಬೋಳಾಗಿರುತ್ತವೆ, ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಈ ಕೆಲವೇ ವಾರಗಳಲ್ಲಿ ಅವು ಎಲೆ ಬಿಟ್ಟು, ಹೂ ಬಿಟ್ಟು, ಬೀಜ ಕಟ್ಟಿ ಮುಗಿಸಬೇಕು. ಮರಗಳು ಎಲೆ ಬಿಟ್ಟು ನೆರಳು ಕವಿಯುವಷ್ಟರಲ್ಲಿ ಇವುಗಳಲ್ಲಿ ಎಷ್ಟೋ ಗಿಡಗಳು ಮಣ್ಣಿನೊಳಗೆ ಗೆಡ್ಡೆಯಾಗಿ ಮಲಗಿಬಿಡುತ್ತವೆ. ಜೂನ್ ಕೊನೆಗೆ ಅದೇ ಜಾಗಕ್ಕೆ ಹೋದರೆ ಇಲ್ಲಿ ಹೂವಿತ್ತು ಅಂದರೆ ಯಾರೂ ನಂಬುವುದಿಲ್ಲ. ಅದಕ್ಕೇ ವಾರ ತಪ್ಪಿದರೆ ಟ್ರೇಲ್ ಎಷ್ಟೇ ಹೆಸರುವಾಸಿ ಆದರೂ ಪ್ರಯೋಜನವಿಲ್ಲ.

ಮಾರ್ಚ್ ಕೊನೆಯ ವಾರ ಅಂತಿಟ್ಟುಕೊಳ್ಳಿ. ಆಗ ಮೇಲೆ ಹೋಗಲೇಬೇಡಿ ಅಂತ ನಾನು ಹೇಳುವುದು. ಕುವೋಹಿಗೆ (ಕ್ಲಿಂಗ್‌ಮನ್ಸ್ ಡೋಮ್‌ಗೆ ಮೂಲನಿವಾಸಿ ಚೆರೋಕಿ ಜನರ ಹಳೆಯ ಹೆಸರು, ಪಾರ್ಕಿನ ಅತಿ ಎತ್ತರದ ತುದಿ ಇದೇ, 2024ರ ಸೆಪ್ಟೆಂಬರಿನಲ್ಲಿ ಅಧಿಕೃತವಾಗಿ ವಾಪಸ್ ಬಂತು, ಇನ್ನೂ ಎಷ್ಟೋ ಜನ ಕ್ಲಿಂಗ್‌ಮನ್ಸ್ ಡೋಮ್ ಅಂತಲೇ ಹುಡುಕುತ್ತಾರೆ) ಹೋಗುವ ರಸ್ತೆ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಹೇಗೂ ಮುಚ್ಚಿರುತ್ತದೆ. ಆಗ ಹೋಗಬೇಕಾದದ್ದು ಟೌನ್ಸೆಂಡ್ ಊರಿನ ಕಡೆಗೆ. ಅಲ್ಲಿ ಪಾರ್ಕಿನೊಳಗೆ ಹೋಗುತ್ತಿದ್ದಂತೆ ರಸ್ತೆ ಎರಡಾಗಿ ಒಡೆಯುವ ಜಾಗದಲ್ಲಿ ಚೆಸ್ಟ್‌ನಟ್ ಟಾಪ್ ಟ್ರೇಲ್ ಶುರುವಾಗುತ್ತದೆ. ಪೂರ್ತಿ ಟ್ರೇಲ್ ನಡೆಯುವ ಅಗತ್ಯವೇ ಇಲ್ಲ. ಮೊದಲ ಅರ್ಧ ಮೈಲಿ ಸಾಕು, ನಿಧಾನ ಹತ್ತಿ, ಎಡಕ್ಕೂ ಬಲಕ್ಕೂ ನೋಡಿಕೊಂಡು ಬನ್ನಿ. ಬ್ಲಡ್‌ರೂಟ್, ಹೆಪಾಟಿಕಾ, ಟ್ರಿಲಿಯಂ ಎಲ್ಲ ಆ ಒಂದೇ ದಂಡೆಯ ಮೇಲೆ ಒಂದಾದ ಮೇಲೊಂದು ಬರುತ್ತವೆ. ಕೆಳಗೆ ರಸ್ತೆಯ ಕಾರಿನ ಸದ್ದು ಕೇಳುತ್ತಿರುತ್ತದೆ, ಕಾಡಿನ ಏಕಾಂತ ಅಂತೆಲ್ಲ ಏನೂ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅರ್ಧ ಮೈಲಿಗೆ ಇಷ್ಟು ಹೂವು ಕೊಡುವ ಟ್ರೇಲ್ ಈ ಪಾರ್ಕಿನಲ್ಲಿ ಕಡಿಮೆ.

ಇನ್ನು ಏಪ್ರಿಲ್ ಎರಡನೇ ಮೂರನೇ ವಾರ. ಬಹಳಷ್ಟು ಜನಕ್ಕೆ ರಜೆ ಸಿಗುವುದೂ ಆಗಲೇ, ಮಕ್ಕಳ ಸ್ಪ್ರಿಂಗ್ ಬ್ರೇಕ್ ಕೂಡ ಇದರ ಆಸುಪಾಸಿಗೆ ಬರುತ್ತದೆ. ನನಗೆ ಒಂದೇ ಒಂದು ಹೈಕ್ ಆರಿಸು ಅಂದರೆ ಕಣ್ಣು ಮುಚ್ಚಿ ಹೇಳುವುದು ಪೋರ್ಟರ್ಸ್ ಕ್ರೀಕ್. ಗ್ಯಾಟ್ಲಿನ್‌ಬರ್ಗಿನಿಂದ ಪೂರ್ವಕ್ಕೆ ಕೆಲವು ಮೈಲಿ ಹೋದರೆ ಗ್ರೀನ್‌ಬ್ರೈಯರ್ ಅನ್ನುವ ಜಾಗ, ಅಲ್ಲಿಂದ ಹೊಳೆ ಪಕ್ಕದ ಸಣ್ಣ ರಸ್ತೆಯ ತುದಿಗೆ ಟ್ರೇಲ್. ಹೋಗಿ ಬರುವುದಕ್ಕೆ ಸುಮಾರು 4 ಮೈಲಿ. ಮೊದಲ ಮೈಲಿ ಅಗಲವಾದ ಹಳೆಯ ಜಲ್ಲಿ ರಸ್ತೆ, ಹತ್ತುವುದು ಗೊತ್ತೇ ಆಗದಷ್ಟು ನಿಧಾನ. ದಾರಿಯ ಪಕ್ಕ ಪಾಚಿ ಹಿಡಿದ ಕಲ್ಲಿನ ಗೋಡೆಗಳು, ಮೆಟ್ಟಿಲುಗಳು ಕಾಣುತ್ತವೆ, ಒಂದು ಸಣ್ಣ ಸ್ಮಶಾನವೂ ಇದೆ. 1934ರಲ್ಲಿ ಪಾರ್ಕ್ ಆಗುವ ಮುಂಚೆ ಇಲ್ಲೆಲ್ಲ ಜನ ಹೊಲ ಮಾಡಿಕೊಂಡಿದ್ದರು, ಜಮೀನು ಬಿಟ್ಟು ಹೋಗಬೇಕಾಯಿತು. ಪಶ್ಚಿಮದ ದೊಡ್ಡ ಪಾರ್ಕುಗಳ ಹಾಗೆ ಇದು ಸರ್ಕಾರದ ಖಾಲಿ ಜಮೀನಾಗಿರಲಿಲ್ಲ, ಒಂದೊಂದು ಹೊಲವನ್ನೂ ಮರದ ಕಂಪನಿಗಳ ಕಾಡನ್ನೂ ಕೊಂಡು ಕೂಡಿಸಿದ್ದು. ಮನೆಯಂಗಳದಲ್ಲಿ ನೆಟ್ಟ ಡ್ಯಾಫೊಡಿಲ್ ಗೆಡ್ಡೆಗಳು ಈ ಪಾರ್ಕಿನ ಎಷ್ಟೋ ಹಳೇ ಮನೆ ಜಾಗಗಳಲ್ಲಿ ಇನ್ನೂ ಮಾರ್ಚಿನಲ್ಲಿ ಹಳದಿ ಹೂ ಬಿಡುತ್ತವೆ. ಕಾಡಿನ ಮಧ್ಯೆ ಸಾಲಾಗಿ ಡ್ಯಾಫೊಡಿಲ್ ಕಂಡರೆ ಅಲ್ಲೊಂದು ಮನೆ ಇತ್ತು ಅಂತಲೇ ಲೆಕ್ಕ.

ಒಂದು ಮೈಲಿ ದಾಟಿದ ಮೇಲೆ ಬಲಕ್ಕೆ ಹೊರಳಿದರೆ ಹಳೆಯ ಮೆಸ್ಸರ್ ಕೊಟ್ಟಿಗೆ, ನೋಡಿಕೊಂಡು ವಾಪಸ್ ಬಂದು ಟ್ರೇಲಿನಲ್ಲೇ ಮುಂದುವರಿಯಿರಿ. ಆಮೇಲೆ ದಾರಿ ಕಿರಿದಾಗುತ್ತದೆ, ಉದ್ದನೆಯ ಒಂದೇ ಮರದ ದಿಮ್ಮಿಯ ಸೇತುವೆ ಬರುತ್ತದೆ, ಒಂದು ಕಡೆ ಮಾತ್ರ ಕೈಹಿಡಿ. ಅದನ್ನು ದಾಟಿದ ಮೇಲೆ ಇರುವುದೇ ನಿಜವಾದ ಪೋರ್ಟರ್ಸ್ ಕ್ರೀಕ್. ಇಳಿಜಾರಿನ ಉದ್ದಕ್ಕೂ ಫ್ರಿಂಜ್ಡ್ ಫಸೀಲಿಯಾ ಅನ್ನುವ ಬಿಳಿ ಪುಟ್ಟ ಹೂವು. ಒಂದು ಹೂವನ್ನು ಮಾತ್ರ ನೋಡಿದರೆ ಏನೂ ಅಲ್ಲ, ಉಗುರಿನಷ್ಟು ದೊಡ್ಡದು, ಅಂಚಿನಲ್ಲಿ ಜಾಲರಿ. ಆದರೆ ಸಾವಿರಗಟ್ಟಲೆ ಒಟ್ಟಿಗೆ ಬಿಟ್ಟಾಗ ರಾತ್ರಿ ಹಿಮ ಬಿದ್ದಿದೆಯೇನೋ ಅನ್ನಿಸುತ್ತದೆ. ಅದರ ನಡುನಡುವೆ ದೊಡ್ಡ ಬಿಳಿ ಟ್ರಿಲಿಯಂ. ಮೂರು ಎಲೆ, ಮೂರು ದಳ. ಈ ಟ್ರಿಲಿಯಂ ಬೀಜ ಬಿದ್ದು ಮೊದಲ ಹೂ ಬಿಡುವುದಕ್ಕೆ ಏಳು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಬೀಜವನ್ನು ಅಲ್ಲಿಂದಿಲ್ಲಿಗೆ ಸಾಗಿಸುವುದು ಇರುವೆಗಳು. ಬೀಜಕ್ಕೆ ಅಂಟಿಕೊಂಡ ಕೊಬ್ಬಿನ ತುಣುಕಿನ ಆಸೆಗೆ ಹೊತ್ತೊಯ್ದು, ಅದನ್ನು ತಿಂದು, ಬೀಜವನ್ನು ಮಣ್ಣಲ್ಲಿ ಬಿಟ್ಟುಬಿಡುತ್ತವೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ ಫೋಟೋಗೆ ಅಂತ ಟ್ರೇಲ್ ಬಿಟ್ಟು ಹೂವಿನ ಮಧ್ಯೆ ಕೂರುವವರು ಜಾಸ್ತಿ ಆಗಿದ್ದಾರೆ. ಒಂದು ಕಾಲಿಟ್ಟರೆ ಎಷ್ಟು ವರ್ಷದ ಕೆಲಸ ಹಾಳು ಅಂತ ಲೆಕ್ಕ ಹಾಕಿ. ಕೀಳುವುದಂತೂ ಕಾನೂನಿನ ಪ್ರಕಾರವೇ ತಪ್ಪು.

ಕೊನೆಗೆ ಎಡಗಡೆ ಫರ್ನ್ ಬ್ರಾಂಚ್ ಫಾಲ್ಸ್ ಅಂತ ಒಂದು ತೆಳ್ಳಗಿನ ಜಲಪಾತ ಸಿಗುತ್ತದೆ, ಅಲ್ಲಿಂದ ತಿರುಗಿ ಬಂದುಬಿಡಿ. ಜಲಪಾತ ಸುಮಾರಾಗಿದೆ ಅಷ್ಟೇ. ಅದಕ್ಕೇ ಅಂತ ಹೋದವರಿಗೆ ನಿರಾಸೆ ಆಗಬಹುದು.

ಪೋರ್ಟರ್ಸ್ ಕ್ರೀಕಿಗೆ ಜಾಗ ಸಿಗದಿದ್ದರೆ, ಅಥವಾ ನಾಲ್ಕು ಮೈಲಿ ನಡೆಯಲಾಗದವರು ಜೊತೆಗಿದ್ದರೆ, ನ್ಯೂಫೌಂಡ್ ಗ್ಯಾಪ್ ರಸ್ತೆಯಲ್ಲಿ ಚಿಮ್ನೀಸ್ ಪಿಕ್ನಿಕ್ ಏರಿಯಾ ಇದೆ, ಅಲ್ಲಿ ಕೋವ್ ಹಾರ್ಡ್‌ವುಡ್ ಅನ್ನುವ ಮುಕ್ಕಾಲು ಮೈಲಿಯ ಸುತ್ತು. ಸಣ್ಣದು ಅಂತ ಕಡೆಗಣಿಸಬೇಡಿ. ಇದರ ಮೇಲಿನ ಭಾಗ ಕೊಡಲಿ ಬೀಳದ ಹಳೆಯ ಕಾಡು. ಸುಮಾರು 2,700 ಅಡಿ ಎತ್ತರದಲ್ಲಿದೆ, ಹಾಗಾಗಿ ಕೆಳಗಿನ ಹೂವು ಇಳಿಮುಖ ಆಗುವಾಗ ಇಲ್ಲಿ ರಂಗೇರುತ್ತದೆ. ಏಪ್ರಿಲ್ ಮೂರನೇ ವಾರದ ಆಸುಪಾಸು ನನ್ನ ಆಯ್ಕೆ. ಮುಕ್ಕಾಲು ಮೈಲಿಗೆ ಎರಡು ಗಂಟೆ ಹಿಡಿದರೆ ಆಶ್ಚರ್ಯ ಪಡಬೇಡಿ. ಏರು ಸ್ವಲ್ಪ ಕಡಿದಾಗಿಯೇ ಇದೆ, ಹಿರಿಯರಿಗೆ ಒಂದು ಕೋಲು ಇದ್ದರೆ ಒಳ್ಳೆಯದು.

ಹಿರಿಯರು ಅಂದೆನಲ್ಲ, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರ ಪ್ರಶ್ನೆ ಬೇರೆಯೇ. ಅವರಿಗೆ ದೂರ ಅಷ್ಟೇನೂ ಕಷ್ಟವಲ್ಲ, ದಿನಾ ವಾಕಿಂಗ್ ಮಾಡಿ ಅಭ್ಯಾಸ ಇರುತ್ತದೆ. ತೊಂದರೆ ಇರುವುದು ಮೊಣಕಾಲಿಗೆ, ಅದೂ ಇಳಿಯುವಾಗ. ಅವರಿಗೆ ಎಲ್ಕ್‌ಮಾಂಟಿನ ಲಿಟಲ್ ರಿವರ್ ಟ್ರೇಲ್ ಸರಿ. ಹಿಂದೆ ಮರ ಸಾಗಿಸುವ ರೈಲು ಓಡಾಡಿದ ದಾರಿ ಅದು, ಹಾಗಾಗಿ ಅಗಲ ಮತ್ತು ಸಮ. ಹೊಳೆ ಉದ್ದಕ್ಕೂ ಜೊತೆಗೇ ಬರುತ್ತದೆ. ಎಷ್ಟು ಬೇಕೋ ಅಷ್ಟು ನಡೆದು ಎಲ್ಲಿ ಬೇಕಾದರೂ ತಿರುಗಿಬಿಡಬಹುದು, ತುದಿ ತಲುಪಲೇಬೇಕು ಅನ್ನುವ ಹಟ ಇಲ್ಲ. ಗಟ್ಟಿಗರು ಅದನ್ನೇ ಕುಕುಂಬರ್ ಗ್ಯಾಪ್ ಮೂಲಕ ಸುತ್ತು ಹಾಕಿ ಐದೂವರೆ ಮೈಲಿ ಮಾಡಿಕೊಳ್ಳಲಿ. ನಾರ್ತ್ ಕ್ಯಾರೊಲೈನಾ ಕಡೆಯಿಂದ ಬರುವವರಿಗೆ ಓಕೋನಲಫ್ಟೀ ರಿವರ್ ಟ್ರೇಲ್ ಇದೆ, ಚೆರೋಕಿ ಊರಿನವರೆಗೆ ಒಂದೂವರೆ ಮೈಲಿ, ಹೆಚ್ಚುಕಮ್ಮಿ ಸಪಾಟು. ಮಗುವಿನ ತಳ್ಳುಗಾಡಿಯೂ ಹೋಗುತ್ತದೆ. ನಾಯಿ ಕರೆದುಕೊಂಡು ಹೋಗಲು ಪಾರ್ಕಿನಲ್ಲಿ ಅನುಮತಿ ಇರುವುದು ಎರಡೇ ಟ್ರೇಲಿಗೆ, ಇದೊಂದು, ಗ್ಯಾಟ್ಲಿನ್‌ಬರ್ಗ್ ಟ್ರೇಲ್ ಇನ್ನೊಂದು. ಬೆಳಿಗ್ಗೆ ಅಥವಾ ಸಂಜೆ ಓಕೋನಲಫ್ಟೀ ಕಡೆಯ ಹುಲ್ಲುಗಾವಲಿಗೆ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಬರುತ್ತವೆ. ಒಂದು ಕಾಲಕ್ಕೆ ಇಲ್ಲಿಂದ ಪೂರ್ತಿ ನಾಶವಾಗಿದ್ದ ಪ್ರಾಣಿ ಇದು, 2001ರಲ್ಲಿ ಹೊರಗಿಂದ ತಂದು ಬಿಟ್ಟರು. 50 ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ. ಕರಡಿಗೂ ಅದೇ ನಿಯಮ.

ಜಲಪಾತದ ಹುಚ್ಚು ಇರುವವರು ವಸಂತದಲ್ಲಿ ಬರುವುದು ಸರಿಯಾದ ಲೆಕ್ಕವೇ. ಚಳಿಗಾಲದ ಮಳೆ, ಕರಗಿದ ಹಿಮ ಎಲ್ಲ ಸೇರಿ ನೀರು ತುಂಬಿರುತ್ತದೆ, ಮರಗಳಲ್ಲಿ ಎಲೆ ಇಲ್ಲದ್ದರಿಂದ ದೂರದಿಂದಲೇ ಕಾಣುತ್ತದೆ. ರೇನ್‌ಬೋ ಫಾಲ್ಸ್ 80 ಅಡಿ ಎತ್ತರದಿಂದ ಬೀಳುತ್ತದೆ, ಹೋಗಿ ಬರಲು 5.4 ಮೈಲಿ, ಒಂದೇ ಸಮ ಏರು, ದಾರಿ ತುಂಬ ಕಲ್ಲು. ಬೇಸಿಗೆ ಕೊನೆಗೆ ಅದು ಸೊರಗಿ ಹೋಗಿರುತ್ತದೆ, ಹಾಗಾಗಿ ಹೋಗುವುದಾದರೆ ಈಗಲೇ. ಗ್ರಾಟೋ ಫಾಲ್ಸ್ ನನಗೆ ಇನ್ನೂ ಇಷ್ಟ. 25 ಅಡಿಯದ್ದು ಅಷ್ಟೇ, ಆದರೆ ಟ್ರೇಲ್ ನೀರಿನ ಹಿಂದಿನಿಂದಲೇ ಹಾದುಹೋಗುತ್ತದೆ, ಮಕ್ಕಳಿಗೆ ಅದಕ್ಕಿಂತ ಇನ್ನೇನು ಬೇಕು. ಹೋಗಿ ಬರಲು ಮೂರು ಮೈಲಿಯೊಳಗೆ. ಮೌಂಟ್ ಲಕಾಂಟ್ ತುದಿಯ ವಸತಿಗೃಹಕ್ಕೆ ರಸ್ತೆ ಇಲ್ಲ, ಸೀಸನ್ನಿನಲ್ಲಿ ಸಾಮಾನು ಹೊರುವ ಲಾಮಾಗಳು ಇದೇ ದಾರಿಯಲ್ಲಿ ಹೋಗುತ್ತವೆ, ಅದೃಷ್ಟ ಇದ್ದರೆ ಎದುರಾಗುತ್ತವೆ. ಗ್ರಾಟೋ ಫಾಲ್ಸ್ ಟ್ರೇಲಿಗೆ ಹೋಗುವ ರೋರಿಂಗ್ ಫೋರ್ಕ್ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ತೆರೆದಿದೆಯೇ ಅಂತ ಪಾರ್ಕಿನ ವೆಬ್‌ಸೈಟಿನಲ್ಲಿ ಮೊದಲು ನೋಡಿಕೊಳ್ಳಿ. ಎಲ್ಲರೂ ಹೇಳುವ ಲಾರೆಲ್ ಫಾಲ್ಸ್ ಟ್ರೇಲನ್ನು 2025ರ ಜನವರಿಯಲ್ಲಿ ದೊಡ್ಡ ದುರಸ್ತಿಗೆ ಅಂತ ಮುಚ್ಚಿದರು, ಅದಕ್ಕೂ ಇದೇ ಮಾತು.

ಏಬ್ರಮ್ಸ್ ಫಾಲ್ಸ್ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಕೇಡ್ಸ್ ಕೋವ್‌ನಿಂದ ಹೋಗಿ ಬರಲು 5 ಮೈಲಿ. ಜಲಪಾತ 20 ಅಡಿಯದ್ದು, ಕೆಳಗೆ ಅಗಲವಾದ ಮಡು, ಫೋಟೋದಲ್ಲಿ ಈಜುಕೊಳದ ಹಾಗೆ ಕಾಣುತ್ತದೆ. ಇಳಿಯಬೇಡಿ. ನೀರಿನ ರಭಸ ಕೆಳಗೆ ಎಷ್ಟಿದೆ ಅಂತ ಮೇಲಿಂದ ಗೊತ್ತಾಗುವುದಿಲ್ಲ, ಇಲ್ಲಿ ಜನ ಮುಳುಗಿ ಸತ್ತಿದ್ದಾರೆ. ಈ ಪಾರ್ಕಿನಲ್ಲಿ ಸಾವಿಗೆ ದೊಡ್ಡ ಕಾರಣ ವಾಹನ ಅಪಘಾತ ಮತ್ತು ನೀರು. ಎಲ್ಲರೂ ಹೆದರುವುದು ಕರಡಿಗೆ. ಏಪ್ರಿಲ್ ನೀರು ಎಷ್ಟು ತಣ್ಣಗಿರುತ್ತದೆ ಅಂದರೆ ಈಜು ಚೆನ್ನಾಗಿ ಬರುವವರಿಗೂ ಉಸಿರು ಕಟ್ಟುತ್ತದೆ. ಜೋರು ಮಳೆ ಬಿದ್ದ ಮರುದಿನ ಸೇತುವೆ ಇಲ್ಲದ ತೊರೆ ದಾಟುವ ಟ್ರೇಲುಗಳನ್ನೂ ಕೈಬಿಡಿ. ಇನ್ನೊಂದು, ಹೊಳೆಯಲ್ಲಿ ಕಲ್ಲು ಜೋಡಿಸಿ ಗೋಪುರ ಕಟ್ಟುವ ಆಟ ಬೇಡ. ಸ್ಮೋಕೀಸ್‌ನಲ್ಲಿ ಸಲಮ್ಯಾಂಡರ್ ಅನ್ನುವ, ಹಲ್ಲಿಯಂತೆ ಕಾಣುವ ಕಪ್ಪೆ ವರ್ಗದ ಜೀವಿಗಳು 30 ಬಗೆಯವಿವೆ, ಅವುಗಳಲ್ಲಿ ಕೆಲವು ಮೊಟ್ಟೆ ಇಡುವುದು ಆ ಕಲ್ಲುಗಳ ಅಡಿಯಲ್ಲೇ.

ಈಗ ಆಲಮ್ ಕೇವ್. ಟ್ರೇಲ್ ಶುರುವಾಗುವುದೇ 3,800 ಅಡಿಯಲ್ಲಿ, ದೊಡ್ಡ ಬಂಡೆಯ ಚಾಚಿನ ಕೆಳಗೆ ತಲುಪುವಷ್ಟರಲ್ಲಿ ಸುಮಾರು 5,000 ಅಡಿ. ಅಂದರೆ ಮಾರ್ಚಿನಲ್ಲಿ ಇದು ಪೂರಾ ಚಳಿಗಾಲದ ಹೈಕ್. ಬಂಡೆಯಿಂದ ತೊಟ್ಟಿಕ್ಕುವ ನೀರು ಹೆಪ್ಪುಗಟ್ಟಿ ಉದ್ದುದ್ದ ಮಂಜಿನ ಕಡ್ಡಿಗಳಾಗಿ ನೇತಾಡುತ್ತಿರುತ್ತದೆ, ಬಿಸಿಲು ಏರಿದಾಗ ಅವು ಕಳಚಿ ಬೀಳುತ್ತವೆ. ಕೆಳಗೆ ಗ್ಯಾಟ್ಲಿನ್‌ಬರ್ಗಿನಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದವರು ಅದೇ ಬೂಟಿನಲ್ಲಿ ಇಲ್ಲಿಗೆ ಬಂದು ಜಾರುತ್ತಿರುತ್ತಾರೆ. ಮೇ ತಿಂಗಳಿನ ಮಧ್ಯದಲ್ಲಿ ಬನ್ನಿ, ಅದೇ ಟ್ರೇಲ್ ಬೇರೆಯದೇ ಆಗಿರುತ್ತದೆ. ಬಂಡೆಯವರೆಗೆ ಹೋಗಿ ಬರಲು ನಾಲ್ಕೂವರೆ ಮೈಲಿ, ಅಷ್ಟಕ್ಕೆ ತೃಪ್ತಿ ಪಟ್ಟುಕೊಳ್ಳಬಹುದು. ಮೌಂಟ್ ಲಕಾಂಟ್ ತುದಿಗೆ, 6,593 ಅಡಿಗೆ, ಹೋಗಲೇಬೇಕು ಅಂದರೆ ಒಂದು ಕಡೆಗೆ 5 ಮೈಲಿ, ಇಡೀ ದಿನದ ಕೆಲಸ.

ಇಡೀ ದಿನ ಅಂದರೆ ಎಷ್ಟು? ಬೆಟ್ಟ ಹತ್ತುವವರ ಹಳೆಯ ಲೆಕ್ಕ ಒಂದಿದೆ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನುವವರು ಹೇಳಿದ್ದು. ಆ ಮನುಷ್ಯ ಹೂವಿನ ಫೋಟೋ ತೆಗೆಯುತ್ತಾ ನಿಂತವನಲ್ಲ, ಎಂಟು ವರ್ಷದ ಮಗುವನ್ನು ಕರೆದುಕೊಂಡೂ ಹೋದವನಲ್ಲ ಅಂತ ಕಾಣುತ್ತದೆ. ನಮ್ಮಂಥವರು ಬಂದ ಉತ್ತರವನ್ನು ಎರಡರಿಂದ ಗುಣಿಸುವುದು ಕ್ಷೇಮ. ರೇನ್‌ಬೋ ಫಾಲ್ಸ್‌ಗೆ ಅವರ ಲೆಕ್ಕದಲ್ಲಿ ಎರಡೂವರೆ ಗಂಟೆ, ನಮಗೆ ಐದು. ಹಾಗಾಗಿ ಒಂದು ದಿನಕ್ಕೆ ಒಂದು ದೊಡ್ಡ ಹೈಕ್, ಅಥವಾ ಎರಡು ಸಣ್ಣವು. ಬೆಳಿಗ್ಗೆ ಪೋರ್ಟರ್ಸ್ ಕ್ರೀಕ್, ಮಧ್ಯಾಹ್ನ ಆಲಮ್ ಕೇವ್, ಸಂಜೆ ಕುವೋಹಿಯಲ್ಲಿ ಸೂರ್ಯಾಸ್ತ ಅಂತ ಪ್ಲ್ಯಾನ್ ಮಾಡಿದವರು ದಿನದ ಅರ್ಧ ಭಾಗ ಕಾರಿನಲ್ಲೇ ಕಳೆಯುತ್ತಾರೆ.

ಕಾರು ಅಂದಮೇಲೆ ಪಾರ್ಕಿಂಗ್. ಸ್ಮೋಕೀಸ್‌ಗೆ ಪ್ರವೇಶ ಶುಲ್ಕ ಇಲ್ಲ. ಟೆನ್ನೆಸ್ಸೀ ರಾಜ್ಯ ತನ್ನ ರಸ್ತೆಯನ್ನು ಪಾರ್ಕಿಗೆ ಬಿಟ್ಟುಕೊಡುವಾಗ ಇಲ್ಲಿ ಟೋಲ್ ಹಾಕಕೂಡದು ಅಂತ ಷರತ್ತು ಹಾಕಿತ್ತು, ಅದು ಈಗಲೂ ನಡೆಯುತ್ತಿದೆ. ಆದರೆ 2023ರ ಮಾರ್ಚ್ 1ರಿಂದ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಗಾಡಿ ನಿಲ್ಲಿಸಲು ಪಾರ್ಕಿಂಗ್ ಟ್ಯಾಗ್ ಬೇಕು. ಶುರುವಾದಾಗ ಇಟ್ಟ ದರ ದಿನಕ್ಕೆ 5 ಡಾಲರ್, ವಾರಕ್ಕೆ 15, ವರ್ಷಕ್ಕೆ 40. ನಿಮ್ಮ ಹತ್ತಿರ ಎಲ್ಲ ನ್ಯಾಷನಲ್ ಪಾರ್ಕುಗಳಿಗೂ ನಡೆಯುವ ವಾರ್ಷಿಕ ಪಾಸ್ ಇದ್ದರೂ ಇಲ್ಲಿ ಅದು ಟ್ಯಾಗಿಗೆ ಬದಲಾಗುವುದಿಲ್ಲ. ಫೋನಿನಲ್ಲಿ ತೋರಿಸುತ್ತೇನೆ ಅಂದರೂ ಆಗುವುದಿಲ್ಲ, ಕಾಗದದ ಟ್ಯಾಗ್ ಗಾಜಿನ ಮೇಲೆ ಕಾಣಬೇಕು.

ದುಡ್ಡು ದೊಡ್ಡ ವಿಷಯವಲ್ಲ, ಜಾಗ ಸಿಗುವುದು ದೊಡ್ಡ ವಿಷಯ. ಅಮೆರಿಕದ ನ್ಯಾಷನಲ್ ಪಾರ್ಕುಗಳಲ್ಲೇ ಅತಿ ಹೆಚ್ಚು ಜನ ಬರುವುದು ಇಲ್ಲಿಗೆ, 2024ರಲ್ಲಿ 1.2 ಕೋಟಿಗೂ ಹೆಚ್ಚು ಭೇಟಿಗಳಾಗಿದ್ದವು. ಏಪ್ರಿಲ್ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಹೆಸರುವಾಸಿ ಟ್ರೇಲುಗಳ ಮುಂದೆ ಸುತ್ತು ಹೊಡೆಯುವುದೇ ಕೆಲಸ. ರಸ್ತೆ ಬದಿಯಲ್ಲಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ಏಳೂವರೆಯೊಳಗೆ ಟ್ರೇಲ್ ತಲುಪಿ, ಇಲ್ಲವೇ ಮಧ್ಯಾಹ್ನ ಮೂರರ ಮೇಲೆ ಹೊರಡಿ. ಏಪ್ರಿಲ್ ಮಧ್ಯಕ್ಕೆ ಎಂಟರವರೆಗೂ ಬೆಳಕಿರುತ್ತದೆ, ಸಣ್ಣ ಹೈಕಿಗೆ ಧಾರಾಳ ಸಮಯ. ಒಂದು ಜಾಗ ತುಂಬಿದ್ದರೆ ಹೋಗಲು ಅದೇ ಎತ್ತರದ ಇನ್ನೊಂದು ಟ್ರೇಲ್ ಬರೆದಿಟ್ಟುಕೊಂಡಿರಿ, ಯಾಕೆಂದರೆ ಒಳಗೆ ಹೋದ ಮೇಲೆ ಹೆಚ್ಚಿನ ಕಡೆ ಫೋನ್ ಸಿಗ್ನಲ್ ಇರುವುದಿಲ್ಲ. ನಾನು ಜೋಡಿ ಜೋಡಿಯಾಗಿ ಬರೆದುಕೊಳ್ಳುತ್ತೇನೆ: ಪೋರ್ಟರ್ಸ್ ಕ್ರೀಕ್ ಇಲ್ಲದಿದ್ದರೆ ಲಿಟಲ್ ರಿವರ್, ಚೆಸ್ಟ್‌ನಟ್ ಟಾಪ್ ಇಲ್ಲದಿದ್ದರೆ ಟ್ರೆಮಾಂಟಿನ ಮಿಡಲ್ ಪ್ರಾಂಗ್. ಜನ ಸ್ವಲ್ಪ ಕಡಿಮೆ ಇರಲಿ ಅನ್ನುವವರು ನಾರ್ತ್ ಕ್ಯಾರೊಲೈನಾ ಕಡೆಯ ಕೆಫಾರ್ಟ್ ಪ್ರಾಂಗ್ ನೋಡಿ. ಹೋಗಿ ಬರಲು 4 ಮೈಲಿ, ತೊರೆಯನ್ನು ಮತ್ತೆ ಮತ್ತೆ ದಿಮ್ಮಿ ಸೇತುವೆಗಳ ಮೇಲೆ ದಾಟುತ್ತೀರಿ, 1930ರ ದಶಕದಲ್ಲಿ ಕೆಲಸ ಕಳೆದುಕೊಂಡ ಹುಡುಗರನ್ನು ಸರ್ಕಾರ ಕೂಲಿಗೆ ಇಟ್ಟುಕೊಂಡು ಈ ಟ್ರೇಲುಗಳನ್ನು ಕಟ್ಟಿಸಿದಾಗ ಅವರು ಉಳಿದುಕೊಂಡ ಬಿಡಾರದ ಚಿಮಣಿ ಇನ್ನೂ ಅಲ್ಲಿ ನಿಂತಿದೆ.

ಚೀಲದಲ್ಲಿ ಏನಿರಬೇಕು ಅನ್ನುವುದನ್ನು ಉದ್ದಕ್ಕೆ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಮಳೆ ಜಾಕೆಟ್ ಮಾತ್ರ ಹವಾಮಾನ ಚೆನ್ನಾಗಿದೆ ಅಂದರೂ ಇಟ್ಟುಕೊಳ್ಳಿ. ಇಲ್ಲಿನ ಕಣಿವೆಗಳಲ್ಲಿ ವರ್ಷಕ್ಕೆ 55 ಇಂಚು, ತುದಿಗಳಲ್ಲಿ 85 ಇಂಚು ಮಳೆ. ಐವತ್ತು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಹತ್ತಿ ಬಟ್ಟೆ ನೆನೆದು ಗಾಳಿ ಬೀಸಿದರೆ ಸಾಕು, ಮೈ ನಡುಗಿ ಸ್ವಾಧೀನ ತಪ್ಪಲು ಹಿಮವೇ ಬೀಳಬೇಕಿಲ್ಲ. ಕರಡಿ ವಿಷಯ ಇಷ್ಟೇ: ಸುಮಾರು 1,900 ಕಪ್ಪು ಕರಡಿಗಳಿವೆ ಅಂತ ಪಾರ್ಕಿನವರ ಅಂದಾಜು, ಚಳಿಗಾಲ ಕಳೆದು ಮರಿಗಳ ಜೊತೆ ಹೊರಬರುವುದು ಈ ದಿನಗಳಲ್ಲೇ, ಹಸಿದಿರುತ್ತವೆ. ತಿಂಡಿ ತಿಂದ ಸಿಪ್ಪೆ, ಚಿಪ್ಸ್ ಪುಡಿ ಯಾವುದನ್ನೂ ಬಿಟ್ಟು ಬರಬೇಡಿ. ಚೀಲವನ್ನು ಬಂಡೆ ಮೇಲಿಟ್ಟು ಫೋಟೋಗೆ ಅಂತ ದೂರ ಹೋಗಬೇಡಿ.

ಮೇ ಮೊದಲ ವಾರಕ್ಕೆ ರಜೆ ಹಾಕಿದವರು "ಅಯ್ಯೋ ಹೂವೆಲ್ಲ ಮುಗಿದಿರುತ್ತೆ ಅಲ್ವಾ" ಅಂತ ಬೇಜಾರು ಮಾಡಿಕೊಳ್ಳುವುದು ಕೇಳಿದ್ದೇನೆ. ಕೆಳಗೆ ಮುಗಿದಿರುತ್ತದೆ, ನಿಜ. ಕಾರು ಹತ್ತಿ 5,046 ಅಡಿಯ ನ್ಯೂಫೌಂಡ್ ಗ್ಯಾಪಿಗೆ ಹೋಗಿ. ಅಲ್ಲಿಂದ ಅಪಲೇಚಿಯನ್ ಟ್ರೇಲಿನಲ್ಲಿ ಪೂರ್ವಕ್ಕೆ ಚಾರ್ಲೀಸ್ ಬನಿಯನ್ ಕಡೆಗೆ ನಡೆಯಿರಿ. ಅಲ್ಲಿ ಬೀಚ್ ಮರಗಳ ಕೆಳಗೆ ಸ್ಪ್ರಿಂಗ್ ಬ್ಯೂಟಿ, ಟ್ರೌಟ್ ಲಿಲಿ ಆಗ ತಾನೇ ನೆಲ ಮುಚ್ಚುತ್ತಿರುತ್ತವೆ. ಪೂರ್ತಿ ಹೋಗಿ ಬಂದರೆ 8 ಮೈಲಿ, ತುದಿಯಲ್ಲಿ ಬೋಳು ಬಂಡೆ, ಸುತ್ತ ಬರೀ ಬೆಟ್ಟ. ಅಷ್ಟು ಬೇಡವಾದರೆ ಒಂದು ಮೈಲಿ ನಡೆದು ವಾಪಸಾಗಿ, ಹೂವು ಅಷ್ಟರಲ್ಲೇ ಸಿಕ್ಕಿರುತ್ತದೆ. ಜಾರ್ಜಿಯಾದಿಂದ ಮೇನ್‌ವರೆಗೆ ಎರಡು ಸಾವಿರ ಮೈಲಿಗೂ ಮೇಲೆ ನಡೆಯುವವರು ಏಪ್ರಿಲ್‌ನಲ್ಲಿ, ಮೇ ಶುರುವಿನಲ್ಲಿ ಈ ದಾರಿಯಲ್ಲೇ ಸಿಗುತ್ತಾರೆ. ನಿಮ್ಮ ಹತ್ತಿರ ಇರುವ ಚಕ್ಕುಲಿ ಕೋಡುಬಳೆಯನ್ನು ಅವರಿಗೆ ಕೊಟ್ಟು ನೋಡಿ, ಅಷ್ಟು ಖುಷಿಯಿಂದ ತಿನ್ನುವ ಜನ ಬೇರೆಲ್ಲೂ ಸಿಗುವುದಿಲ್ಲ.

ಹಾಗೆ ಲೆಕ್ಕ ಹಾಕುತ್ತಾ ಹೋದರೆ ವಸಂತ ತುದಿ ಮುಟ್ಟುವುದು ಜೂನ್‌ನಲ್ಲಿ. ಕುವೋಹಿ ಪಾರ್ಕಿಂಗಿನಿಂದ ಆಂಡ್ರ್ಯೂಸ್ ಬಾಲ್ಡ್‌ಗೆ ಹೋಗಿ ಬರಲು 3.6 ಮೈಲಿ. ಸ್ಪ್ರೂಸ್ ಕಾಡಿನ ಮಧ್ಯೆ ಇದ್ದಕ್ಕಿದ್ದಂತೆ ತೆರೆದ ಹುಲ್ಲುಗಾವಲು, ಜೂನ್ ಮಧ್ಯದ ನಂತರ ಅಲ್ಲಿ ಕಿತ್ತಳೆ ಬಣ್ಣದ ಫ್ಲೇಮ್ ಅಜೇಲಿಯಾ, ನೇರಳೆ ರೋಡೊಡೆಂಡ್ರಾನ್. ಹೋಗುವಾಗ ಇಳಿಜಾರು, ಬರುವಾಗ ಏರು, ಹೋಗುವಾಗಿನ ಉತ್ಸಾಹಕ್ಕೆ ನೀರೆಲ್ಲ ಖಾಲಿ ಮಾಡಬೇಡಿ. ಎಲ್ಕ್‌ಮಾಂಟಿನಲ್ಲಿ ಒಟ್ಟಿಗೇ ಮಿನುಗುವ ಮಿಂಚುಹುಳುಗಳೂ ಮೇ ಕೊನೆ, ಜೂನ್ ಮೊದಲಿನ ಹೊತ್ತಿಗೆ ಬರುತ್ತವೆ. ಅದಕ್ಕೆ ಗಾಡಿ ಪಾಸ್ ಲಾಟರಿಯಲ್ಲಿ ಸಿಗಬೇಕು, ಅರ್ಜಿ ಹಾಕುವುದು ಏಪ್ರಿಲ್ ಕೊನೆಯಲ್ಲಿ, ಕೆಲವೇ ದಿನ ತೆರೆದಿರುತ್ತದೆ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಟ್ಟುಕೊಳ್ಳಿ.